ಎರಡೂವರೆ ಸೂಜಿ, ಹತ್ತು ಸಹಿ

ವಾರಕ್ಕೆ ಒಂದೇ ಸಲ ಎಂಬುದನ್ನು ವೈದ್ಯರು ಮೂರು ಬಾರಿ ಹೇಳಿದರು. ಚೀಟಿಯಲ್ಲಿ ಬರೆದು ಅದರಡಿ ಎರಡು ಗೆರೆಗಳನ್ನೂ ಎಳೆದರು.

"ದಿನಾ ತಗೊಳ್ಳೋ ಔಷಧಿ ಅಲ್ಲ ಇದು. ತಪ್ಪಿ ದಿನಾ ತಗೊಂಡ್ರೆ ಜೀವಕ್ಕೇ ಅಪಾಯ. ಯಾವ ದಿನ ಅಂತ ಈಗಲೇ ಗೊತ್ತು ಮಾಡಿಬಿಡಿ."

ನಾನು ಶನಿವಾರ ಎಂದೆ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ನನ್ನ ಓಡಾಟ ಮುಗಿದಿರುತ್ತದೆ. ಮರುದಿನ ವಾಕರಿಕೆ ಬಂದರೂ ಭಾನುವಾರವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ನನ್ನ ಉತ್ತರಕ್ಕೆ ಕಾರಣಸಹಿತ ವಿವರಣೆ ಇತ್ತೆಂದು ವೈದ್ಯರು ಮೆಚ್ಚಿಕೊಂಡರು. ಯಾರಿಗೂ ತಿಳಿಯಬಾರದು ಎಂಬುದೇ ಆ ವಿವರಣೆಯ ಮುಖ್ಯ ಭಾಗವೆಂಬುದು ಅವರಿಗೆ ಹೊಳೆಯಲಿಲ್ಲ. ಅಂದು ನನಗೂ ಹೊಳೆದಿರಲಿಲ್ಲ.

ಕಾಯಿಲೆ ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಬೆಳಗ್ಗೆ ಎದ್ದಾಗ ಎರಡು ಗಂಟೆಗಳ ಕಾಲ ಬೆರಳುಗಳು ಮಡಚುತ್ತಿರಲಿಲ್ಲ. ಮಣಿಕಟ್ಟು ಊದಿಕೊಂಡು ಬಳೆ ತೆಗೆಸಬೇಕಾಯಿತು. ಮೊದಲು ಕೊಟ್ಟ ಮೆಥೋಟ್ರೆಕ್ಸೇಟ್ ಮಾತ್ರೆಗಳು ಹೊಟ್ಟೆಗೆ ಒಗ್ಗಲಿಲ್ಲ. ಅದೇ ಔಷಧಿಯನ್ನು ಚರ್ಮದ ಕೆಳಗೆ ಚುಚ್ಚಿಕೊಳ್ಳುವುದು ಮುಂದಿನ ಹೆಜ್ಜೆಯಾಗಿತ್ತು. ಸಿರಿಂಜಿನಲ್ಲಿ ಔಷಧಿ ತುಂಬಿಯೇ ಬರುತ್ತದೆ. ಮನೆಯಲ್ಲಿ ನಾವೇ ಹಾಕಿಕೊಳ್ಳಬಹುದು.

"ಈ ಕೆಲವು ತಿಂಗಳು ಬಹಳ ಮುಖ್ಯ ಮೇಡಂ. ಈಗ ಹಿಡಿತಕ್ಕೆ ಬರಲಿಲ್ಲ ಅಂದ್ರೆ ಮೂಳೆ ಸವೆಯುತ್ತೆ. ಸವೆದದ್ದು ವಾಪಸ್ ಬರಲ್ಲ. ಬಲಗೈ ಉಳಿಸ್ಕೊಬೇಕು ನೀವು" ಎಂದರು ವೈದ್ಯರು.

ಬಲಗೈಯೇ ನನ್ನ ಕಸುಬು. ಹೊಳಲ್ಕೆರೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿ, ಈಗ ಬಿ.ಆರ್.ಪಿ. ಆಗಿದ್ದೇನೆ. ಎಂದರೆ, ತಾಲ್ಲೂಕಿನ ಶಾಲೆಗಳಿಗೆ ಹೋಗಿ, ಪಾಠ ನೋಡಿ, ಶಿಕ್ಷಕರ ದಾಖಲೆಗಳನ್ನು ಪರಿಶೀಲಿಸಿ, ಕಂಡದ್ದನ್ನು ಶಾಲೆಯ ಪುಸ್ತಕದಲ್ಲಿ ಕೈಬರಹದಲ್ಲಿ ದಾಖಲಿಸುವ ಕೆಲಸ.

ಚುಚ್ಚಿಕೊಳ್ಳುವುದನ್ನು ಕಲಿಸಿದವರು ಚಿತ್ರದುರ್ಗದಲ್ಲಿ ಆ ವೈದ್ಯರ ಚಿಕಿತ್ಸಾಲಯದ ದಾದಿ. ಹಾಸಿಗೆಯ ಸ್ಪಂಜಿನ ಒಂದು ತುಂಡನ್ನು ಮೇಜಿನ ಮೇಲಿಟ್ಟು, ನೀರು ತುಂಬಿದ ಸಿರಿಂಜನ್ನು ನನ್ನ ಕೈಗೆ ಕೊಡಲು ಬಂದರು. ನಾನು ನೋಟ್‌ಪುಸ್ತಕ ತೆರೆದು ಕುಳಿತಿದ್ದೆ.

"ಮೇಡಂ, ಬರ್ಕಳಾದು ಆಮ್ಯಾಲೆ. ಮೊದ್ಲು ಕೈ ಕೊಡ್ರಿ ಇಲ್ಲಿ."

"ಕ್ರಮವಾಗಿ ಬರೆದುಕೊಂಡರೆ ಮರೆಯುವುದಿಲ್ಲ ಸಿಸ್ಟರ್."

"ತಲೆ ಮರಿಯಲ್ಲ ಮೇಡಂ, ಕೈ ಮರಿತೈತೆ. ಕೈಗೆ ಕಲಿಸ್ರಿ."

ಸ್ಪಂಜಿಗೆ ಮೂರು ಸಲ ಚುಚ್ಚಬೇಕೆಂದರು. ನಾನು ಒಂದು ಸಲ ಚುಚ್ಚಿ, ತಿಳಿಯಿತು ಎಂದೆ. ಅವರು ಕೊಟ್ಟ ಕರಪತ್ರದಲ್ಲಿದ್ದ ಐದಾರು ಕಾಗುಣಿತ ದೋಷಗಳನ್ನು ತಿದ್ದಿ ಹಿಂದಿರುಗಿಸಿದೆ. ಅನಂತರ ಹದಿನಾಲ್ಕು ಹಂತಗಳನ್ನು ಬರೆದುಕೊಂಡೆ: ಕೈ ತೊಳೆಯುವುದು, ಔಷಧಿಯ ಅವಧಿ ನೋಡುವುದು, ದ್ರವ ಹಳದಿಯಾಗಿ, ತಿಳಿಯಾಗಿ ಇದೆಯೇ ಎಂದು ಬೆಳಕಿಗೆ ಹಿಡಿಯುವುದು, ಒಳಗಿನ ಗಾಳಿಗುಳ್ಳೆಯನ್ನು ಹೊರಹಾಕಲು ಹೋಗದಿರುವುದು, ಸ್ಪಿರಿಟ್ ಹಚ್ಚಿ ಪೂರ್ತಿ ಆರಲು ಬಿಡುವುದು, ತೊಡೆಯ ಅಥವಾ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಹಿಡಿಯುವುದು, ಒಂದೇ ಸಲಕ್ಕೆ ಸೂಜಿ ಇಳಿಸಿ, ನಿಧಾನವಾಗಿ ಕೊನೆಯವರೆಗೆ ಒತ್ತಿ, ಹತ್ತು ಎಣಿಸಿ ಹೊರತೆಗೆಯುವುದು, ಉಜ್ಜದಿರುವುದು, ಚರ್ಮಕ್ಕೆ ಚೆಲ್ಲಿದರೆ ಕೂಡಲೇ ತೊಳೆಯುವುದು, ಬಳಸಿದ ಸಿರಿಂಜನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ತುಂಬಿದ ಮೇಲೆ ಇಲ್ಲಿಗೇ ತಂದುಕೊಡುವುದು. ಮೊದಲನೆಯ ಚುಚ್ಚುಮದ್ದನ್ನು ದಾದಿಯ ಎದುರಿಗೇ ಹಾಕಿಕೊಂಡೆ. ಇರುವೆ ಕಚ್ಚಿದಷ್ಟೇ ನೋವು.

ಮನೆಗೆ ಬಂದು ಒಂದು ಉದ್ದ ಪುಸ್ತಕಕ್ಕೆ ಗೆರೆ ಹಾಕಿದೆ. ವಾರದ ಸಂಖ್ಯೆ, ದಿನಾಂಕ, ಸಮಯ, ಚುಚ್ಚಿದ ಜಾಗ, ಸೋಮವಾರದ ಫೋಲಿಕ್ ಆಮ್ಲದ ಮಾತ್ರೆ, ಸಹಿ. ಪಾಠಯೋಜನೆಯನ್ನು ಮುಂಚಿತವಾಗಿ ಬರೆದಿಡುವುದು ನಮ್ಮ ಕಸುಬಿನ ಪದ್ಧತಿ. ಅದೇ ಪದ್ಧತಿಯಂತೆ ಹನ್ನೆರಡು ಶನಿವಾರಗಳ ದಿನಾಂಕಗಳನ್ನೂ, ಮಧ್ಯಾಹ್ನ ಮೂರು ಗಂಟೆ ಎಂಬ ಸಮಯವನ್ನೂ, ಬಲತೊಡೆ, ಎಡತೊಡೆ, ಹೊಟ್ಟೆಯ ಬಲಭಾಗ, ಎಡಭಾಗ ಎಂಬ ಸರದಿಯನ್ನೂ ಅಂದೇ ತುಂಬಿಬಿಟ್ಟೆ. ಸರಿ ಗುರುತು ಹಾಕಿ ಸಹಿ ಮಾಡುವುದಷ್ಟೇ ಉಳಿದಿತ್ತು.

ನನ್ನ ಪತಿ ಪಶು ಆಸ್ಪತ್ರೆಯಲ್ಲಿ ಪರೀಕ್ಷಕರು. ಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುವುದು ಅವರ ನಿತ್ಯದ ಕೆಲಸ. ಎರಡನೆಯ ಶನಿವಾರ ನಾನು ಸಿರಿಂಜಿನ ಪೆಟ್ಟಿಗೆ ಹಿಡಿದು ಕೋಣೆಗೆ ಹೋಗುವುದನ್ನು ಕಂಡು ಎದ್ದು ಬಂದರು.

"ಕೊಡು ಇಲ್ಲಿ, ನಾನು ಹಾಕ್ತೀನಿ. ನಿನ್ನೆ ಒಂದೇ ಹಟ್ಟಿಯಾಗೆ ಇನ್ನೂರು ಕುರಿಗೆ ಹಾಕಿ ಬಂದೀನಿ. ಒಂದೂ ಕುಯ್ ಅಂದಿಲ್ಲ."

"ನಾನು ಕುರಿಯಲ್ಲ."

"ಅದು ನಂಗೊತ್ತೈತೆ. ಕುರಿ ತಿರುಗಿ ಮಾತಾಡಲ್ಲ."

ನಾನು ನಗಲಿಲ್ಲ. ಬಾಗಿಲು ಹಾಕಿಕೊಂಡೆ. ಅಂದು ಎಲ್ಲವೂ ಸರಿಯಾಗಿ ನಡೆಯಿತು. ಹೊರಗೆ ಬಂದು, "ಹದಿನಾಲ್ಕು ಹಂತ, ಆರು ನಿಮಿಷ" ಎಂದು ಹೇಳಿದಾಗ ನನ್ನ ದನಿಯಲ್ಲಿ ಗರ್ವವಿತ್ತು. ಮರುದಿನ ವಾಕರಿಕೆ ಬಂತು, ಮಲಗಿದೆ, ಸೋಮವಾರ ಕೆಲಸಕ್ಕೆ ಹೋದೆ.

ಮೂರನೆಯ ಶನಿವಾರ ಅವರು ಲಸಿಕಾ ಶಿಬಿರಕ್ಕೆ ಹೋಗಿದ್ದರು. ಆ ವಾರ ನಾಲ್ಕು ಶಾಲೆಗಳ ವರದಿ ಬರೆದಿದ್ದರಿಂದ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಸೂಜಿ ಇಳಿಯಿತು. ಸಿರಿಂಜಿನ ತುದಿಯನ್ನು ಒತ್ತಲು ಹೋದರೆ ಹೆಬ್ಬೆರಳು ಬಾಗಲಿಲ್ಲ. ಬಲವಾಗಿ ಒತ್ತಿದೆ, ನೋವು ಮೊಣಕೈವರೆಗೆ ಏರಿತು, ಕೈ ಜಾರಿತು. ಸೂಜಿ ಅರ್ಧದಲ್ಲೇ ಹೊರಬಂದು, ಹಳದಿ ದ್ರವ ಹೊಟ್ಟೆಯ ಮೇಲೂ ಸೀರೆಯ ಮೇಲೂ ಚೆಲ್ಲಿತು. ಈ ಔಷಧಿ ಚರ್ಮಕ್ಕೆ ತಾಕಿದರೆ ಕೂಡಲೇ ತೊಳೆಯಬೇಕೆಂಬುದು ಹದಿಮೂರನೆಯ ಹಂತ. ತೊಳೆದೆ. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಚೆಲ್ಲಿತು ಎಂದು ಅಂದಾಜಿಸಲು ಸಿರಿಂಜನ್ನು ಬೆಳಕಿಗೆ ಹಿಡಿದೆ. ಅರ್ಧ ಇರಬಹುದು.

ಚಿಕಿತ್ಸಾಲಯದ ದೂರವಾಣಿ ಸಂಖ್ಯೆ ಚೀಟಿಯ ಮೇಲೆ ಇತ್ತು. ತೊಂದರೆಯಾದರೆ ಕರೆ ಮಾಡಿ ಎಂದೂ ಇತ್ತು. ಕರೆ ಮಾಡಿದ್ದರೆ ಆ ದಾದಿಯೇ ತೆಗೆಯುತ್ತಿದ್ದರು. ಮೂರು ಸಲ ಅಭ್ಯಾಸ ಮಾಡಿ ಎಂದವರ ಕರಪತ್ರವನ್ನು ತಿದ್ದಿ ಬಂದವಳು ನಾನು. ಪುಸ್ತಕ ತೆರೆದೆ. ನಾನು ಎಳೆದ ಕೋಷ್ಟಕದಲ್ಲಿ ಅರ್ಧಕ್ಕೆ ಜಾಗವೇ ಇರಲಿಲ್ಲ. ಸರಿ ಗುರುತು ಹಾಕಿ ಸಹಿ ಮಾಡಿದೆ.

ನಾಲ್ಕನೆಯ ಶನಿವಾರ ಸಿರಿಂಜನ್ನು ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಕುಳಿತೆ. ಅದರ ಹೊದಿಕೆಯನ್ನೂ ಹರಿಯಲಿಲ್ಲ. ನಾಳೆ ಹಾಕಿಕೊಳ್ಳೋಣವೆಂದರೆ ನಾಳೆ ಭಾನುವಾರ, ನಾನು ಗೊತ್ತುಮಾಡಿದ ದಿನವಲ್ಲ. ಹೀಗೆ ನಿಯಮವೇ ನನಗೆ ನೆಪವಾಯಿತು. ಮಧ್ಯಾಹ್ನ ಮೂರು ಗಂಟೆ, ಹೊಟ್ಟೆಯ ಎಡಭಾಗ ಎಂದು ಮೊದಲೇ ಬರೆದಿದ್ದ ಸಾಲಿನ ಕೊನೆಯಲ್ಲಿ ಸಹಿ ಮಾಡಿ ಎದ್ದೆ. ಐದನೆಯ ಶನಿವಾರ ಅಷ್ಟು ಹೊತ್ತು ಕೂರಲೂ ಇಲ್ಲ.

ತಿಂಗಳು ತಿಂಗಳಿಗೂ ಸಿರಿಂಜುಗಳನ್ನು ತಪ್ಪದೆ ತಂದೆ. ಹಾಕಿಕೊಳ್ಳದವುಗಳನ್ನು ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳ ಅಡಿಯಲ್ಲಿ ಇಟ್ಟೆ. ಕಸಕ್ಕೆ ಎಸೆಯಲು ಮನಸ್ಸು ಬರಲಿಲ್ಲ. ಅಂಥ ಔಷಧಿಯನ್ನು ಕಸಕ್ಕೆ ಹಾಕುವುದು ನಿಯಮಬಾಹಿರ. ಸೋಮವಾರದ ಫೋಲಿಕ್ ಮಾತ್ರೆಯನ್ನಂತೂ ಒಂದು ವಾರವೂ ಬಿಡಲಿಲ್ಲ. ಅದು ಚುಚ್ಚುಮದ್ದಿನ ತೊಂದರೆಗಳನ್ನು ತಗ್ಗಿಸಲು ಕೊಡುವ ಮಾತ್ರೆ. ಚುಚ್ಚುಮದ್ದೇ ಇಲ್ಲದೆ ಅದನ್ನು ನುಂಗಿ, ಆ ಅಂಕಣದಲ್ಲಿ ಮಾತ್ರ ನಿಜವಾದ ಗುರುತು ಹಾಕುತ್ತಿದ್ದೆ. ಅದರಿಂದ ಒಂದು ಬಗೆಯ ನೆಮ್ಮದಿಯೂ ಸಿಗುತ್ತಿತ್ತು.

ಮೊದಮೊದಲು ಕೈ ತೀರಾ ಕೆಡಲಿಲ್ಲ. ಚುಚ್ಚುಮದ್ದು ಹತ್ತುವವರೆಗೆ ಆಧಾರವಾಗಿರಲೆಂದು ವೈದ್ಯರು ಕೊಟ್ಟಿದ್ದ ಸ್ಟೆರಾಯ್ಡ್ ಮಾತ್ರೆ ಊತವನ್ನು ತಡೆದಿತ್ತು. ಅದನ್ನೇ ಗುಣವೆಂದು ತಿಳಿದೆ. ಪ್ರಮಾಣ ಇಳಿಯುತ್ತ ಬಂದು ಏಳನೆಯ ವಾರ ಮಾತ್ರೆ ನಿಂತಿತು. ಎಂಟನೆಯ ವಾರ ಚಪಾತಿ ಹಿಟ್ಟು ಕಲಸಲು ಆಗಲಿಲ್ಲ.

ಆ ಎಂಟನೆಯ ವಾರವೇ ತಾಳ್ಯ ಹೋಬಳಿಯ ಒಂದು ಶಾಲೆಗೆ ಭೇಟಿಯಿತ್ತು. ಮೂರನೆಯ ತರಗತಿಯ ಶಿಕ್ಷಕಿ, ಮೂವತ್ತರ ಆಸುಪಾಸಿನವಳು, ಮಕ್ಕಳ ವಾರದ ಓದಿನ ಪರೀಕ್ಷೆಯ ಪಟ್ಟಿಯನ್ನು ಮುಂದಿಟ್ಟಳು. ಪಟ್ಟಿಯಲ್ಲಿ ಮುಂದಿನ ವಾರದ ಅಂಕಗಳೂ ತುಂಬಿದ್ದವು.

"ಇದೇನು?" ಎಂದೆ.

"ತಪ್ಪಾತು ಮೇಡಂ. ಮುಂದಿನ ವಾರಾನೂ ಸಮೀಕ್ಷೆ ಕೆಲ್ಸಕ್ಕೆ ಹಾಕ್ಯಾರೆ. ಮನೆ ಮನೆ ತಿರುಗಾದೇ ಆತು. ಬಂದ್ಮ್ಯಾಲೆ ಓದಿಸಾಣ ಅಂತ…"

"ಓದಿಸದೆ ಅಂಕ ಕೊಟ್ಟಿರಿ. ನಡೆಯದೇ ಇರುವುದನ್ನು ನಡೆದಿದೆ ಎಂದು ಬರೆದಿರಿ. ಮಕ್ಕಳು ಹೀಗೆ ಮಾಡಿದರೆ ನೀವು ಏನು ಮಾಡುತ್ತೀರಿ?"

ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ದನಿ ತಗ್ಗಿಸುವಷ್ಟು ಸೌಜನ್ಯವನ್ನೂ ನಾನು ತೋರಲಿಲ್ಲ. ಮುಖ್ಯಶಿಕ್ಷಕರ ಕೊಠಡಿಯಲ್ಲಿ ಕುಳಿತು, ಲಿಖಿತ ವಿವರಣೆ ಕೇಳಬೇಕೆಂದು ಪುಸ್ತಕದಲ್ಲಿ ಬರೆಯತೊಡಗಿದೆ. ಎರಡನೆಯ ಸಾಲಿಗೆ ಲೇಖನಿ ಕೈಯಿಂದ ಬಿತ್ತು. ಎತ್ತಿಕೊಳ್ಳಲು ಬೆರಳು ಮುಚ್ಚಲಿಲ್ಲ. ಆ ಶಿಕ್ಷಕಿಯೇ ಬಗ್ಗಿ ಎತ್ತಿದಳು.

"ಮೇಡಂ, ಕೈ ಭಾಳ ಊದೈತೆ. ನೀವು ಹೇಳ್ರಿ, ನಾನೇ ಬರ್ಕಂತೀನಿ."

ತನ್ನ ಮೇಲಿನ ದೂರನ್ನು ತಾನೇ ಬರೆದುಕೊಳ್ಳುತ್ತೇನೆ ಎಂದಳು. ಕುಹಕ ಆ ಮುಖದಲ್ಲಿ ಇರಲಿಲ್ಲ. ನಾನು ಲೇಖನಿಯನ್ನು ಎಡಗೈಯಲ್ಲಿ ತೆಗೆದುಕೊಂಡು, ಬಲಗೈ ಬೆರಳುಗಳ ನಡುವೆ ಸಿಕ್ಕಿಸಿ, ಉಳಿದ ಎರಡು ಸಾಲುಗಳನ್ನು ಬರೆದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಅಕ್ಷರಗಳನ್ನು ನಾನು ಬರೆದಿಲ್ಲ. ಆ ಶನಿವಾರ ಬೀರುವಿನಲ್ಲಿ ಐದನೆಯ ಸಿರಿಂಜು ಸೇರಿತು.

ಹನ್ನೊಂದನೆಯ ವಾರ ಚಿತ್ರದುರ್ಗದಲ್ಲಿ ಮರುತಪಾಸಣೆ. ರಕ್ತದ ವರದಿಯನ್ನೂ ನನ್ನ ಪುಸ್ತಕವನ್ನೂ ವೈದ್ಯರ ಮುಂದಿಟ್ಟೆ. ಅವರು ಪುಸ್ತಕವನ್ನು ತಿರುವಿ, ಪಕ್ಕದಲ್ಲಿದ್ದ ಕಿರಿಯ ವೈದ್ಯೆಗೆ ತೋರಿಸಿದರು.

"ನೋಡಮ್ಮ, ಪೇಷೆಂಟ್ ಅಂದ್ರೆ ಹೀಗಿರಬೇಕು. ಜಾಗದ ಸರದಿ ಕೂಡ ತಪ್ಪಿಲ್ಲ."

ಆಮೇಲೆ ನನ್ನ ಬೆರಳುಗಳ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಹದಿನಾರು ಗಂಟುಗಳಲ್ಲಿ ನೋವಿತ್ತು. ರಕ್ತದಲ್ಲಿ ಉರಿಯೂತದ ಅಂಶ ಮೊದಲಿಗಿಂತ ಹೆಚ್ಚಾಗಿತ್ತು. ಅವರ ಮುಖ ಗಂಭೀರವಾಯಿತು.

"ಹತ್ತು ವಾರ ತಪ್ಪದೆ ತಗೊಂಡೂ ಹೀಗಿದೆ ಅಂದ್ರೆ ಈ ಔಷಧಿ ನಿಮ್ಮ ಮೈಗೆ ಹತ್ತಲಿಲ್ಲ ಅಂತ ಅರ್ಥ. ಇನ್ನೂ ಬಲವಾದ್ದಕ್ಕೆ ಹೋಗ್ಬೇಕಾಗುತ್ತೆ. ಅದು ರೋಗನಿರೋಧಕ ಶಕ್ತೀನ ಬಹಳ ತಗ್ಗಿಸುತ್ತೆ. ಎಲ್ಲಾದರೂ ಕ್ಷಯ ಅಡಗಿದ್ರೆ ಎದ್ದು ಬರುತ್ತೆ. ಅದಕ್ಕೆ ಮೊದಲು ಎದೆ ಎಕ್ಸ್‌ರೇ ಮಾಡಿಸಿ ಬನ್ನಿ."

ಹೇಳಲು ಅದೇ ಸರಿಯಾದ ಗಳಿಗೆಯಾಗಿತ್ತು. ನಾನು ಎಕ್ಸ್‌ರೇ ಚೀಟಿ ತೆಗೆದುಕೊಂಡು, ಧನ್ಯವಾದ ಹೇಳಿ ಹೊರಬಂದೆ. ಹಾಕಿಕೊಳ್ಳದ ಔಷಧಿ ಸೋತಿತೆಂದು, ಅದಕ್ಕಿಂತ ಅಪಾಯದ ಔಷಧಿಗೆ ಮೈಯೊಡ್ಡಲು ಸಿದ್ಧಳಾದೆ. ಆ ಕಿರಿಯ ವೈದ್ಯೆಯ ಮುಂದೆ ಬಾಯಿಬಿಡುವುದಕ್ಕಿಂತ ಅದೇ ಸುಲಭವೆನಿಸಿತು.

ಹೊರಗೆ ದಾದಿ ನನ್ನನ್ನು ನಿಲ್ಲಿಸಿದರು. ಅವರ ಮೇಜಿನ ಎದುರು ಹರಿಯಬ್ಬೆ ಕಡೆಯ ಒಬ್ಬ ಹೆಂಗಸು ಕುಳಿತಿದ್ದಳು. ಐವತ್ತರ ವಯಸ್ಸು, ಕನಕಾಂಬರದ ತೋಟಗಳಲ್ಲಿ ಹೂ ಬಿಡಿಸುವ ಕೆಲಸ, ನನ್ನದೇ ಕಾಯಿಲೆ. ಸ್ಪಂಜಿನ ತುಂಡು ಅವಳ ಮುಂದಿತ್ತು. ಸಿರಿಂಜು ಮುಟ್ಟಲು ಒಪ್ಪುತ್ತಿರಲಿಲ್ಲ.

"ಮೇಡಂ, ನಿಮ್ಮ ಪುಸ್ತಕ ಒಂದೀಟು ಕೊಡ್ರಿ. ಈಯಮ್ಮ ಹೆದರ್ಕಂಡು ಕುಂತೈತೆ" ಎಂದು ದಾದಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳ ಮುಂದೆ ಬಿಚ್ಚಿದರು. "ನೋಡಮ್ಮ, ಇವರು ಹೊಳಲ್ಕೆರೆ ಟೀಚರ್ರು. ಹತ್ತು ವಾರ ತಾವೇ ಹಾಕ್ಕಂಡಾರೆ. ಒಂದೊಂದಕ್ಕೂ ಒಂದೊಂದು ಸರಿ ಗುರುತು."

ಓದು ಬಾರದ ಆ ಹೆಂಗಸು ಗುರುತುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು.

"ಇವೆಲ್ಲಾ ನೀವೇ ಹಾಕ್ಕಂಡಿದ್ದಾ ಟೀಚರಮ್ಮ?"

"ಹೂಂ" ಎಂದೆ.

"ಹತ್ತೂ?"

ತಲೆಯಾಡಿಸಿದೆ. ಅವಳು ನನ್ನ ಬಲಗೈಯನ್ನು ಎಳೆದು, ತನ್ನ ಕೈಯ ಪಕ್ಕದಲ್ಲಿ ಮೇಜಿನ ಮೇಲಿಟ್ಟು ನೋಡಿದಳು.

"ಮತ್ತೆ ನಿಮ್ಮ ಕೈ ನನ್ನ ಕೈಗಿಂತ ದಪ್ಪಗೈತಲ್ಲಮ್ಮ."

"ಒಬ್ಬೊಬ್ಬರಿಗೆ ನಿಧಾನಕ್ಕೆ ಹತ್ತತೈತೆ" ಎಂದರು ದಾದಿ.

"ಏನ್ ಹತ್ತಾದು ಸಿಸ್ಟರಮ್ಮ? ಇಷ್ಟು ಓದ್ದೋರು, ಒಂದು ವಾರ ತಪ್ಪದಂಗೆ ಹಾಕ್ಕಂಡಾರೆ. ಅವರಿಗೇ ಹತ್ತಿಲ್ಲ ಅಂದ್ಮ್ಯಾಲೆ ನನ್ನಂತೋಳಿಗೆ ಹತ್ತತೈತಾ? ಸುಮ್ನೆ ಮೈ ತೂತು ಮಾಡ್ಕಳಾದು. ಬ್ಯಾಡ ಬಿಡ್ರಿ. ಎಣ್ಣೆ ಹಚ್ಕಂಡು ಇದ್ದಷ್ಟು ದಿನ ಇರ್ತೀನಿ."

"ಕುಂತ್ಕಳಮ್ಮ, ಇನ್ನೂ ಹೂ ಬಿಡಿಸಬೇಕು ಅಂತೀಯ…"

"ಹಿರಿಯೂರು ಬಸ್ಸು ಹೋಗಿಬಿಡತೈತೆ."

ಅವಳು ಔಷಧಿಯ ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಚೀಲವನ್ನು ಬೆರಳುಗಳಿಂದ ಹಿಡಿಯಲಾಗದೆ ಮೊಣಕೈಗೆ ನೇತುಹಾಕಿಕೊಂಡಳು. ನಾನೂ ಮೂರು ವಾರಗಳಿಂದ ಚೀಲವನ್ನು ಹಾಗೆಯೇ ಹಿಡಿಯುತ್ತಿದ್ದೆ. ಅವಳು ಬಾಗಿಲ ಬಳಿ ಹೋಗಿದ್ದಳು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅವಳು ಹೋಗಿಬಿಡುತ್ತಿದ್ದಳು, ಮತ್ತೆ ಬರುತ್ತಿರಲಿಲ್ಲ. ನನ್ನ ಕೈ ಹಾಳಾದರೆ ಅದು ನನ್ನ ಪಾಪ ಎಂದು ಏಳು ವಾರ ಸಮಾಧಾನ ಮಾಡಿಕೊಂಡಿದ್ದೆ. ಇದು ಅವಳ ಕೈ.

"ನಿಲ್ಲಮ್ಮಾ" ಎಂದೆ. ದನಿ ತರಗತಿಯಲ್ಲಿ ಬರುವಷ್ಟು ದೊಡ್ಡದಾಗಿ ಬಂತು, ಬೆಂಚಿನಲ್ಲಿದ್ದವರೆಲ್ಲ ತಿರುಗಿದರು. "ನಾನು ಹಾಕಿಕೊಂಡಿಲ್ಲ."

"ಏನಂದ್ರಿ?"

"ಎರಡು ಸಲ ಹಾಕಿಕೊಂಡೆ. ಮೂರನೆಯದು ಅರ್ಧ ಚೆಲ್ಲಿತು. ಉಳಿದ ಏಳಕ್ಕೆ ಸಹಿ ಮಾತ್ರ ಮಾಡಿದ್ದೇನೆ."

"ಮತ್ತೆ ಈ ಪುಸ್ತಕ?"

"ಸುಳ್ಳು."

ಬೆಂಚಿನ ತುದಿಯಲ್ಲಿದ್ದ ಒಬ್ಬ ಮುದುಕ ಕಿಸಕ್ಕನೆ ನಕ್ಕ. ದಾದಿ ನಗಲಿಲ್ಲ, ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ಆ ಹೆಂಗಸು ಬಾಗಿಲಿನಿಂದ ಎರಡು ಹೆಜ್ಜೆ ಹಿಂದಕ್ಕೆ ಬಂದು ನನ್ನ ಮುಖವನ್ನೇ ನೋಡಿದಳು.

"ಅಯ್ಯೋ ನಿಮ್ಮ! ಇಷ್ಟು ಚೆಂದಾಗಿ ಬರ್ದೀರಲ್ಲಮ್ಮ! ನನಗೆ ಓದು ಬರಹ ಬರದೇ ಇರಾದೇ ಒಳ್ಳೇದಾತು ಬಿಡ್ರಿ, ಹಾಕ್ಕಂಡ್ರೆ ಹಾಕ್ಕಂಡೆ, ಇಲ್ಲಾಂದ್ರೆ ಇಲ್ಲ."

ಅನಂತರ ದನಿ ಇಳಿಸಿ, "ಯಾಕೆ, ಅಷ್ಟು ನೋವಾತಾ?" ಎಂದು ಕೇಳಿದಳು.

ಹತ್ತು ವಾರಗಳಲ್ಲಿ ನನ್ನನ್ನು ಯಾರೂ ಕೇಳದ, ಕೇಳಲು ನಾನು ಯಾರಿಗೂ ಅವಕಾಶ ಕೊಡದ ಪ್ರಶ್ನೆ ಅದು. ಸೂಜಿಯಲ್ಲ, ಹೆಬ್ಬೆರಳು ನೋಯುತ್ತದೆ, ಒತ್ತಲು ಬರುವುದಿಲ್ಲ, ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು ಎಂದೆ. ಅವಳು ಬಸ್ಸಿಗೆ ಹೋಗಲಿಲ್ಲ. ಸ್ಪಂಜಿನ ಮುಂದೆ ಕುಳಿತಳು.

ನಾನು ಮತ್ತೆ ವೈದ್ಯರ ಕೋಣೆಗೆ ಹೋದೆ. ಎಕ್ಸ್‌ರೇ ಚೀಟಿಯನ್ನು ಮೇಜಿನ ಮೇಲಿಟ್ಟು, ಇದ್ದುದನ್ನು ಹೇಳಿದೆ. ಅವರು ಸಿಟ್ಟಾಗುತ್ತಾರೆಂದು ಎಣಿಸಿದ್ದೆ. ಅವರು ಬರೆದಿದ್ದ ಚೀಟಿಯನ್ನು ಎರಡಾಗಿ ಹರಿದರು.

"ಒಟ್ಟು ಎಷ್ಟು?"

"ಎರಡೂವರೆ."

"ಅರ್ಧ ಚೆಲ್ಲಿತು ಅಂತ ಅವತ್ತು ಒಂದು ಫೋನ್ ಮಾಡಿದ್ರೆ ಸಾಕಿತ್ತು. ಒಂದೆರಡು ದಿನ ಹೆಚ್ಚುಕಮ್ಮಿ ಆದ್ರೂ ಏನು ಮಾಡಬೇಕು ಅಂತ ಹೇಳ್ತಿದ್ದೆ. ಮುಂದಿನ ತಿಂಗಳು ನಿಮಗೆ ಬೇಡದ ಔಷಧಿ ಕೊಡ್ತಿದ್ದೆ ನಾನು, ಈ ಪುಸ್ತಕ ನಂಬಿ." ಹರಿದ ಚೀಟಿಯನ್ನು ಬುಟ್ಟಿಗೆ ಹಾಕಿ ಎಂದರು: "ಮೂರು ತಿಂಗಳು ಹೋಯ್ತು ಮೇಡಂ."

ಕಿರಿಯ ವೈದ್ಯೆ ನನ್ನನ್ನು ನೋಡದೆ ತನ್ನ ಕಾಗದಗಳನ್ನು ಜೋಡಿಸುತ್ತಿದ್ದಳು. ಅದು ನನಗೆ ತೋರಿದ ದಯೆ ಎಂದು ಅರ್ಥವಾಯಿತು. ಬಲಗೈಯ ನಡುಬೆರಳ ಬುಡದಲ್ಲಿ ಮೂಳೆ ಸವೆಯತೊಡಗಿದೆಯೆಂದು ಆಮೇಲೆ ತೆಗೆಸಿದ ಕೈಯ ಎಕ್ಸ್‌ರೇಯಲ್ಲಿ ಕಂಡಿತು. ಅದು ಮೊದಲೇ ಇತ್ತೋ, ಈ ಏಳು ವಾರಗಳ ಫಲವೋ ಹೇಳಲಾಗದು ಎಂದರು. ನಾನು ಹೇಳಬಲ್ಲೆ ಎಂದುಕೊಂಡೆ.

ಅದೇ ಔಷಧಿಯನ್ನು ಹೊಸದಾಗಿ ಆರಂಭಿಸಬೇಕೆಂದು ತೀರ್ಮಾನವಾಯಿತು. ದಾದಿ ನನ್ನನ್ನೂ ಆ ಹೆಂಗಸನ್ನೂ ಒಟ್ಟಿಗೆ ಕೂರಿಸಿ, ಹೆಬ್ಬೆರಳಿನ ಬದಲು ಅಂಗೈಯ ಬುಡದಿಂದ ಒತ್ತುವುದನ್ನು ತೋರಿಸಿದರು. ಸಿರಿಂಜನ್ನು ಮುಷ್ಟಿಯಲ್ಲಿ ಹಿಡಿದು ಸೂಜಿ ಇಳಿಸಿ, ಅಲ್ಲಾಡದಂತೆ ಹಿಡಿದೇ ಇರಬೇಕು. ಇನ್ನೊಂದು ಕೈಯ ಅಂಗೈಯಿಂದ ತುದಿಯನ್ನು ಕೆಳಕ್ಕೆ ತಳ್ಳಬೇಕು. ಈ ಸಲ ನಾನು ಪುಸ್ತಕ ತೆರೆಯಲಿಲ್ಲ. ಸ್ಪಂಜಿಗೆ ಏಳು ಸಲ ಚುಚ್ಚಿದೆ. ಆ ಹೆಂಗಸು ಮೂರನೆಯ ಸಲಕ್ಕೇ ಕಲಿತಳು.

"ನಿಮ್ಮ ನಂಬರ್ ಕೊಡ್ರಿ ಟೀಚರಮ್ಮ. ನಾನೂ ಶನಿವಾರಾನೇ ಇಟ್ಕಂತೀನಿ. ನೀವು ಹಾಕ್ಕಂಡ್ರೆ ಹಾಕ್ಕಂತೀನಿ, ನೀವು ಬಿಟ್ರೆ ನಾನೂ ಬಿಡ್ತೀನಿ" ಎಂದಳು. ತಮಾಷೆಯ ದನಿಯಲ್ಲಿಯೇ ಹೇಳಿದಳು. ತಮಾಷೆಯಾಗಿರಲಿಲ್ಲ.

ಆ ಸಂಜೆ ಬೀರುವಿನ ಅರೆಯಿಂದ ಏಳು ಸಿರಿಂಜುಗಳನ್ನು ತೆಗೆದು ಪತಿಯ ಮುಂದಿಟ್ಟೆ. ಅವರು ಒಂದೊಂದನ್ನೂ ತಿರುಗಿಸಿ ನೋಡಿದರು.

"ನಾನು ಮನೇಲೇ ಇದ್ನಲ್ಲ" ಎಂದರು. "ನನ್ನ ಒಂದ್ ಮಾತು ಕೇಳಬೋದಿತ್ತಲ್ಲ."

ಅಂದು ಅವರು ಯಾವ ತಮಾಷೆಯನ್ನೂ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಹೊಸ ಸರದಿಯ ಮೊದಲ ನಾಲ್ಕು ಶನಿವಾರ ಅವರೇ ಹಾಕಿದರು, ನಾನು ಬಾಗಿಲು ತೆರೆದಿಟ್ಟುಕೊಂಡು ಕುಳಿತೆ. ಆ ಏಳು ಸಿರಿಂಜುಗಳನ್ನು ಬಳಸಬಾರದೆಂದು ದಾದಿ ಹಿಂದಕ್ಕೆ ಪಡೆದರು.

ತಾಳ್ಯ ಕಡೆಯ ಶಿಕ್ಷಕಿಯ ವಿಷಯ ಇಷ್ಟು ಸರಳವಾಗಿ ಮುಗಿಯಲಿಲ್ಲ. ಅವಳು ಲಿಖಿತ ವಿವರಣೆ ಕೊಟ್ಟಾಗಿತ್ತು. ಅದು ಅವಳ ಕಡತ ಸೇರಿಯಾಗಿತ್ತು. ಅವಳು ಮಾಡಿದ್ದು ತಪ್ಪೇ. ಅದನ್ನು ಬರೆದದ್ದೂ ತಪ್ಪಲ್ಲ. ಇಪ್ಪತ್ತೆರಡು ಮಕ್ಕಳ ಮುಂದೆ ಆಡಿದ ಮಾತು ತಪ್ಪು, ಆ ಮಾತನ್ನು ಆಡಿದ ಬಾಯಿ ಯಾರದು ಎಂಬುದು ಇನ್ನೂ ದೊಡ್ಡ ತಪ್ಪು. ಒಮ್ಮೆ ಆ ಶಾಲೆಯವರೆಗೆ ಹೋದೆ. ಅವಳು ಎದ್ದು ನಿಂತು, ಎಲ್ಲ ದಾಖಲೆಗಳನ್ನೂ ತಾನಾಗಿಯೇ ತಂದು ಮೇಜಿನ ಮೇಲೆ ಜೋಡಿಸಿ, ಕೈ ಕಟ್ಟಿ ನಿಂತಳು. ನಾನು ಹೇಳಬೇಕೆಂದುಕೊಂಡು ಹೋದದ್ದನ್ನು ಹೇಳಲಿಲ್ಲ. ಅವಳಿಗೆ ಇಂದಿಗೂ ಹೇಳಿಲ್ಲ.

ಐದನೆಯ ಶನಿವಾರ ಪತಿ ಶಿಬಿರಕ್ಕೆ ಹೋಗಿದ್ದರು. ಮೂರು ಗಂಟೆ ಕಳೆದು ನಾಲ್ಕಾಗಿತ್ತು. ಸಿರಿಂಜು ಮುಂದಿತ್ತು, ಕೈ ತೊಳೆದಾಗಿತ್ತು, ಸ್ಪಿರಿಟ್ ಆರಿತ್ತು. ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಆಗ ಫೋನ್ ಬಂತು.

"ಟೀಚರಮ್ಮ, ಹಾಕ್ಕಂಡ್ರಾ?"

ಹೂಂ ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ತಡೆಯಲು ನನಗೆ ಎಷ್ಟು ಹೊತ್ತು ಬೇಕಾಯಿತೆಂಬುದು ಅವಳಿಗೆ ಕೇಳಿಸಿರಬೇಕು.

"ಇಲ್ಲ. ಇನ್ನೂ ಇಲ್ಲ."

"ಯಜಮಾನ್ರು?"

"ಊರಲ್ಲಿಲ್ಲ. ಭಯವಾಗುತ್ತಿದೆ."

"ನನಗೂ ಆಗತೈತೆ. ನಾನೂ ಇನ್ನೂ ಹಾಕ್ಕಂಡಿಲ್ಲ. ನೀವು ಹಾಕ್ಕಳಾದು ಕಾಯ್ತಾ ಕುಂತೀನಿ." ಹಿಂದೆ ಯಾರೋ ಕೂಗಿದರು, ಅವಳು ಬಾಯಿ ಮುಚ್ಚುವಂತೆ ಅವರನ್ನು ಗದರಿದಳು. "ಫೋನು ಕೆಳಗಿಡ್ರಿ, ಕಟ್ ಮಾಡಬ್ಯಾಡ್ರಿ. ಹಾಕ್ಕಳ್ರಿ. ನಾನಿಲ್ಲೇ ಇರ್ತೀನಿ."

ಫೋನನ್ನು ಮಂಚದ ಮೇಲಿಟ್ಟೆ. ಸಿರಿಂಜನ್ನು ಮುಷ್ಟಿಯಲ್ಲಿ ಹಿಡಿದು ಸೂಜಿ ಇಳಿಸಿದೆ. ಇನ್ನೊಂದು ಅಂಗೈಯ ಬುಡದಿಂದ ಒತ್ತಿದೆ. ತುದಿ ನಿಧಾನವಾಗಿ, ಕೊನೆಯವರೆಗೆ ಹೋಯಿತು. ಗಟ್ಟಿಯಾಗಿ ಹತ್ತು ಎಣಿಸಿದೆ, ಅವಳಿಗೂ ಕೇಳುವಂತೆ.

"ಆಯಿತು" ಎಂದೆ.

"ನಿಜವಾಗ್ಲೂ?"

"ನಿಜವಾಗಿ."

ಅವಳು ಒಂದು ಕ್ಷಣ ಸುಮ್ಮನಿದ್ದಳು. ನಂಬಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳೆಂದು ನನಗೆ ಗೊತ್ತಿತ್ತು. ಹಾಗೆ ಯೋಚಿಸುವ ಹ‌ಕ್ಕನ್ನು ಅವಳಿಗೆ ಕೊಟ್ಟವಳು ನಾನೇ.

"ಆತು ಹಂಗಾದ್ರೆ" ಎಂದಳು ಕೊನೆಗೆ. "ಈಗ ನಂದು. ನೀವು ಫೋನ್ ಇಡಬ್ಯಾಡ್ರಿ ಮತ್ತೆ."